ಬೆಳಗಿನ ಮೂವತ್ತು ಸೆಕೆಂಡು

ಕೇಳುಗರಿಗೆ ನಮಸ್ಕಾರ. ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಪಾಸ್‌ವರ್ಡ್ ಕೊಟ್ಟು, ಪರದೆಯ ಮೇಲೆ ಎಲ್ಲವೂ ಮೂಡಿ, ಇನ್ನೇನು ಕೆಲಸ ಶುರು ಮಾಡೋಣ ಎನ್ನುವಷ್ಟರಲ್ಲಿ ಯಂತ್ರ ಗರಬಡಿದಂತೆ ನಿಂತುಬಿಡುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಮೌಸಿನ ಬಾಣವೇನೋ ಅತ್ತಿತ್ತ ಓಡಾಡುತ್ತದೆ, ಆದರೆ ಕ್ಲಿಕ್ ಮಾಡಿದ್ದು ಯಾವುದೂ ತೆರೆಯುವುದಿಲ್ಲ. ತುಸು ಹೊತ್ತಿನ ಮೇಲೆ, ಅಲ್ಲಿಯವರೆಗೆ ಸಿಟ್ಟಿನಿಂದ ಒತ್ತಿದ್ದೆಲ್ಲವೂ ಒಂದರ ಮೇಲೊಂದು ಒಟ್ಟಿಗೆ ತೆರೆದುಕೊಳ್ಳುತ್ತದೆ. ಆಮೇಲೆ ದಿನವಿಡೀ ಯಾವ ತಕರಾರೂ ಇಲ್ಲ. ಈ ದೋಷವನ್ನು ದುರಸ್ತಿಯವರಿಗೆ ತೋರಿಸುವುದು ಕಷ್ಟವಾಗುವುದೂ ಇದರಿಂದಲೇ, ಏಕೆಂದರೆ ನಾವು ಅಂಗಡಿಗೆ ಒಯ್ಯುವ ಹೊತ್ತಿಗೆ ಅದು ಸಾಧುಪ್ರಾಣಿಯಾಗಿರುತ್ತದೆ. ವಿಂಡೋಸ್ ಇರುವ ಲ್ಯಾಪ್‌ಟಾಪುಗಳಲ್ಲಿ ಈ ದೋಷದ ಮೂಲವನ್ನು ಮನೆಯಲ್ಲಿಯೇ ಹುಡುಕುವ ಬಗೆಯನ್ನು ಈ ಹೊತ್ತು ವಿವರಿಸುತ್ತೇನೆ.

ಇದಕ್ಕೆ ಮೊದಲು ಬೇಕಾದ ಸಲಕರಣೆ ಕೈಗಡಿಯಾರ. ಯಾವ ಸೆಟ್ಟಿಂಗನ್ನೂ ಮುಟ್ಟದೆ ಮೂರು ದಿನ ಬೆಳಿಗ್ಗೆ, ಯಂತ್ರ ಎಷ್ಟು ಸೆಕೆಂಡು ನಿಂತಿತೆಂದು ಬರೆದಿಟ್ಟುಕೊಳ್ಳಿ. ಒಂದು ದಿನ ಇಪ್ಪತ್ತು, ಇನ್ನೊಂದು ದಿನ ಎಪ್ಪತ್ತು, ಮತ್ತೊಂದು ದಿನ ನಲವತ್ತು ಎಂದು ಏರುಪೇರಾಗುತ್ತಿದ್ದರೆ ಅದು ನೂಕುನುಗ್ಗಲು, ಎಂದರೆ ಹಲವು ತಂತ್ರಾಂಶಗಳು ಒಮ್ಮೆಗೇ ಡಿಸ್ಕಿನ ಬಾಗಿಲಿಗೆ ಮುಗಿಬಿದ್ದಿವೆ. ಪ್ರತಿದಿನವೂ ಅಳೆದಿಟ್ಟಂತೆ ಅಷ್ಟೇ ಹೊತ್ತು ನಿಲ್ಲುತ್ತಿದ್ದರೆ ಅದು ಕಾಯುವಿಕೆ: ಯಾವುದೋ ಒಂದು ಭಾಗ ಉತ್ತರ ಕೊಡುತ್ತಿಲ್ಲ, ವಿಂಡೋಸ್ ಗೊತ್ತುಮಾಡಿದ ಗಡುವಿನವರೆಗೆ ಕಾದು ಆಮೇಲೆ ಅದನ್ನು ತಟ್ಟಿ ಎಬ್ಬಿಸುತ್ತಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ನಾನೇ ಒಂದು ಭಾನುವಾರವನ್ನು ಪೂರ್ತಿ ಕಳೆದುಕೊಂಡಿದ್ದೇನೆ.

ನೂಕುನುಗ್ಗಲಿನ ಕಥೆ ಸರಳ. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಅದನ್ನು ಓದುವ ಸೂಜಿಯ ಕೆಳಗೆ ಬರುವ ತನಕ ಕಾಯುವ ಸಮಯಕ್ಕೆ ಸೂಜಿಯೇ ಅಲ್ಲಿಗೆ ಸರಿಯುವ ಸಮಯವನ್ನು ಕೂಡಿಸಿದರೆ, ಅಲ್ಲಲ್ಲಿ ಚದುರಿಬಿದ್ದ ತುಣುಕುಗಳನ್ನು ಅದು ಸೆಕೆಂಡಿಗೆ ನೂರರಷ್ಟೂ ಓದಲಾರದು. ಅದೇ ಕೆಲಸವನ್ನು ಎಸ್‌ಎಸ್‌ಡಿ, ಎಂದರೆ ತಿರುಗುವ ಭಾಗಗಳೇ ಇಲ್ಲದ ಡಿಸ್ಕ್, ಸಾವಿರಗಳ ಲೆಕ್ಕದಲ್ಲಿ ಮಾಡುತ್ತದೆ. ಹಾಗಾಗಿ ವೈರಸ್ ತಪಾಸಣೆ, ಹುಡುಕಾಟದ ಸೂಚಿ, ಅಪ್‌ಡೇಟ್, ಪ್ರಿಂಟರಿನ ಸಹಾಯಕ, ಮೀಟಿಂಗ್ ಆ್ಯಪ್ ಎಲ್ಲವೂ ಒಟ್ಟಿಗೆ ಎದ್ದಾಗ ಹಾರ್ಡ್ ಡಿಸ್ಕ್ ತತ್ತರಿಸುವುದು ಸಹಜ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಡಿಸ್ಕ್ ಎಂಬ ಕಂಬಸಾಲಿನ ತಲೆಯನ್ನು ಒತ್ತಿದರೆ ಅದನ್ನು ಹೆಚ್ಚು ಬಳಸುತ್ತಿರುವವರ ಹೆಸರು ಮೇಲಕ್ಕೆ ಬರುತ್ತದೆ. ಅಲ್ಲಿಯೇ ಸ್ಟಾರ್ಟಪ್ ವಿಭಾಗದಲ್ಲಿ, ತಾವಾಗಿಯೇ ಏಳಬೇಕಿಲ್ಲದವನ್ನು ಡಿಸೇಬಲ್ ಮಾಡಿ; ಕನ್ನಡ ಟೈಪಿಸುವವರಿಗೆ ನುಡಿ ತಂತ್ರಾಂಶ ಇದ್ದಂತೆ ದಿನವೂ ಬೇಕಾದದ್ದನ್ನು ಉಳಿಸಿಕೊಳ್ಳಿ. ವೈರಸ್ ರಕ್ಷಣೆಯನ್ನು ಮಾತ್ರ ವೇಗದ ಆಸೆಗೆ ಕಿತ್ತುಹಾಕಬೇಡಿ.

ಕಾಯುವಿಕೆಯ ಕಥೆ ಹೆಚ್ಚು ಸ್ವಾರಸ್ಯದ್ದು, ಅದನ್ನು ನನ್ನ ಯಂತ್ರದಿಂದಲೇ ಹೇಳುತ್ತೇನೆ. ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲೂ ಅದು ಬೆಳಿಗ್ಗೆ ನಿಲ್ಲುತ್ತಿತ್ತು. ಸ್ಟಾರ್ಟಪ್ ಪಟ್ಟಿಯನ್ನು ಬರಿದು ಮಾಡಿದೆ, ಕೊನೆಗೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ; ಮರುದಿನ ಬೆಳಿಗ್ಗೆ ಮತ್ತೆ ಅದೇ ಮೌನ. ಆಗಷ್ಟೇ ಗಡಿಯಾರ ನೋಡುವ ಬುದ್ಧಿ ಬಂತು: ಪ್ರತಿಸಲವೂ ಮೂವತ್ತು ಸೆಕೆಂಡು. ಮುಂದಿನ ದಿನ ಟಾಸ್ಕ್ ಮ್ಯಾನೇಜರನ್ನು ಮೊದಲೇ ತೆರೆದಿಟ್ಟು ಕಾದೆ. ಯಂತ್ರ ನಿಂತಿತು. ಅದು ಬಿಡಿಸಿಕೊಂಡಾಗ ನಕ್ಷೆಯಲ್ಲಿ ಡಿಸ್ಕಿನ ರೇಖೆ ನೂರು ಪ್ರತಿಶತಕ್ಕೆ ಅಂಟಿಕೊಂಡಿತ್ತು, ಓದಿದ್ದು ಸೊನ್ನೆ, ಬರೆದದ್ದು ಸೊನ್ನೆ. ಪೂರ್ತಿ ದುಡಿಯುತ್ತಿದ್ದೇನೆ ಎನ್ನುವ ಡಿಸ್ಕ್ ಒಂದು ಅಕ್ಷರವನ್ನೂ ಸಾಗಿಸುತ್ತಿಲ್ಲವೆಂದರೆ ಅದು ದುಡಿಯುತ್ತಿಲ್ಲ, ಉತ್ತರ ಕೊಡದೆ ಕೂತಿದೆ ಎಂದೇ ಅರ್ಥ.

ಸಾಕ್ಷಿಯೂ ಸಿಕ್ಕಿತು. ವಿಂಡೋಸಿನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿಯಿದೆ. ಅದರ ಸಿಸ್ಟಮ್ ವಿಭಾಗದಲ್ಲಿ, ಯಂತ್ರ ನಿಂತ ನಿಮಿಷಕ್ಕೆ ಸರಿಯಾಗಿ, ಡಿಸ್ಕಿನೊಡನೆ ಮಾತಾಡುವ ವಿಂಡೋಸಿನ ಭಾಗವಾದ ಸ್ಟೋರ್‌ಎಎಚ್‌ಸಿಐ ಎಂಬ ಹೆಸರಿನಡಿ 129 ಎಂಬ ಸಂಖ್ಯೆಯ ಎಚ್ಚರಿಕೆ ದಾಖಲಾಗಿತ್ತು. ಡಿಸ್ಕ್ ಮಾತಾಡಲಿಲ್ಲ, ಅದರ ಸಂಪರ್ಕವನ್ನು ಮರುಸ್ಥಾಪಿಸಬೇಕಾಯಿತು ಎಂಬುದು ಅದರ ತಾತ್ಪರ್ಯ. ವಿದ್ಯುತ್ ಉಳಿಸಲೆಂದು ವಿಂಡೋಸ್ ಡಿಸ್ಕಿನ ಸಂಪರ್ಕವನ್ನು ಆಗಾಗ ತೂಕಡಿಸಲು ಬಿಡುತ್ತದೆ; ಕೆಲವು ಡಿಸ್ಕುಗಳು ಆ ತೂಕಡಿಕೆಯಿಂದ ಸರಿಯಾಗಿ ಏಳುವುದಿಲ್ಲ. ಪವರ್ ಆಯ್ಕೆಗಳಲ್ಲಿ ಹೈ ಪರ್ಫಾರ್ಮೆನ್ಸ್ ಯೋಜನೆಗೆ ಬದಲಿಸಿದಾಗ ನನ್ನ ಯಂತ್ರದ ಬೆಳಗಿನ ಮೌನ ಕೊನೆಗೊಂಡಿತು, ಬ್ಯಾಟರಿ ತುಸು ಬೇಗ ಕರಗುತ್ತದೆ ಅಷ್ಟೇ. ಡಿಸ್ಕ್ ತಯಾರಕರು ಹೊಸ ಫರ್ಮ್‌ವೇರ್, ಎಂದರೆ ಡಿಸ್ಕಿನೊಳಗೇ ಇರುವ ತಂತ್ರಾಂಶ, ಕೊಟ್ಟಿದ್ದರೆ ಅದನ್ನು ಹಾಕುವುದು ಇದಕ್ಕಿಂತ ಒಳ್ಳೆಯ ದಾರಿ.

ಆದರೆ ಅದೇ ದಿನಚರಿಯಲ್ಲಿ ಡಿಸ್ಕಿನ ಹೆಸರಿನಡಿ 7 ಎಂಬ ಸಂಖ್ಯೆ ಕಂಡರೆ, ಕೆಟ್ಟುಹೋದ ಭಾಗವೊಂದು ಓದಲು ಸಿಗುತ್ತಿಲ್ಲವೆಂದು ತಿಳಿಯಬೇಕು. ಆಗ ಪರೀಕ್ಷೆ, ಪ್ರಯೋಗಗಳನ್ನೆಲ್ಲ ಬಿಟ್ಟು, ಮನೆಯ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಅಂದೇ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ಇನ್ನೊಂದು ಗುಟ್ಟು ಉಳಿದಿದೆ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಎಂದು ಒತ್ತಿದಾಗ ವಿಂಡೋಸಿನ ತಿರುಳು ಪೂರ್ತಿ ಆರುವುದಿಲ್ಲ. ಅದು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮತ್ತು ನಿನ್ನೆ ಗೊಂದಲದಲ್ಲಿದ್ದ ಡ್ರೈವರ್, ಎಂದರೆ ಯಂತ್ರದ ಬಿಡಿಭಾಗವೊಂದನ್ನು ನಡೆಸುವ ತಂತ್ರಾಂಶ, ಇಂದೂ ಆ ಗೊಂದಲದೊಡನೆಯೇ ಏಳಬಹುದು. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಅಪ್‌ಟೈಮ್ ಎಂಬ ಅಂಕಿಯನ್ನು ನೋಡಿ. ಪ್ರತಿರಾತ್ರಿ ಆರಿಸುವ ಯಂತ್ರವೂ ಹಲವು ದಿನಗಳಿಂದ ಎಚ್ಚರವಿರುವುದಾಗಿ ಅಲ್ಲಿ ಹೇಳುತ್ತಿರುತ್ತದೆ. ರೀಸ್ಟಾರ್ಟ್ ಮಾತ್ರ ನಿಜವಾದ ಹೊಸ ಆರಂಭ. ಹೀಗಾಗಿ ರೀಸ್ಟಾರ್ಟ್ ಮಾಡಿದಾಗ ನಿಲ್ಲದ ಯಂತ್ರ, ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದಾಗ ಮಾತ್ರ ನಿಲ್ಲುತ್ತಿದ್ದರೆ, ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎದುರಿನ ಗುರುತನ್ನು ತೆಗೆದು ಒಂದು ವಾರ ನೋಡಿ. ಯಂತ್ರ ಏಳುವುದು ಕೆಲವು ಸೆಕೆಂಡು ತಡವಾಗುತ್ತದೆ.

ಇಷ್ಟಾದರೂ ಬಗೆಹರಿಯದೆ ಅಂಗಡಿಗೆ ಒಯ್ಯಬೇಕಾಗಿ ಬಂದರೆ, ಲ್ಯಾಪ್‌ಟಾಪ್ ಸ್ಲೋ ಆಗಿದೆ ಎಂದಷ್ಟೇ ಹೇಳಿ ಬರಬೇಡಿ. ಎಷ್ಟು ಸೆಕೆಂಡು ನಿಲ್ಲುತ್ತದೆ, ಮೌಸಿನ ಬಾಣವೂ ನಿಲ್ಲುತ್ತದೆಯೇ, ದಿನಚರಿಯಲ್ಲಿ ಯಾವ ಸಂಖ್ಯೆ ಬಂದಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಮೇಲೆ ಅಂಟಿಸಿ, ರಾತ್ರಿಯೆಲ್ಲ ಆರಿಸಿಟ್ಟು ಬೆಳಿಗ್ಗೆ ಬಾಗಿಲು ತೆರೆದೊಡನೆ ಹಚ್ಚಿ ನೋಡುವಂತೆ ಕೇಳಿಕೊಳ್ಳಿ. ನಮಸ್ಕಾರ.