ಕಪಾಟಿನಲ್ಲಿದ್ದೂ ಕಳೆದುಹೋದ ಪುಸ್ತಕ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನೀವೆಲ್ಲ ಗ್ರಂಥಾಲಯಗಳಿಗೆ ತರಬೇತಿಗೆ ಹೊರಡುತ್ತೀರಿ. ಹೋದ ವರ್ಷ ನಾನೂ ಇದೇ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವತ್ತು ಮಾತಾಡಿದ ಸೀನಿಯರ್ ಏನು ಹೇಳಿದರು ಅನ್ನೋದು ಒಂದೂ ನೆನಪಿಲ್ಲ. ಹಾಗಾಗಿ ನನ್ನ ಬಗ್ಗೆಯೂ ನನಗೆ ಜಾಸ್ತಿ ಆಸೆ ಇಲ್ಲ.

ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಆದರೆ ಒಳಗೆ ಬರುವಾಗ ಬಾಗಿಲ ಹತ್ತಿರ ಒಂದು ಮಾತು ಕಿವಿಗೆ ಬಿತ್ತು. "ಕ್ಯಾಟಲಾಗಿಂಗ್‌ಗೆ ಹಾಕಿದ್ರೆ ಸತ್ವಿ. ಐಎಸ್‌ಬಿಎನ್ ಸ್ಕ್ಯಾನ್ ಮಾಡಿದ್ರೆ ಎಲ್ಲಾ ತಾನಾಗೇ ಬರುತ್ತೆ, ಅದರಲ್ಲೇನಿದೆ ಕಲಿಯೋಕೆ?" ಕ್ಯಾಟಲಾಗಿಂಗ್ ಅಂದರೆ ಪ್ರತಿ ಪುಸ್ತಕದ ವಿವರ ದಾಖಲಿಸಿ, ಹುಡುಕಿದವರಿಗೆ ಸಿಗುವ ಹಾಗೆ ಮಾಡೋದು. ಐಎಸ್‌ಬಿಎನ್ ಅಂದರೆ ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ. ಆ ಮಾತು ಆಡಿದ್ದು ಯಾರು ಅಂತ ಹೇಳಲ್ಲ. ಅವರು ಈಗ ತಲೆ ತಗ್ಗಿಸಿದ್ದಾರೆ. ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ, ಉಳಿದದ್ದು ಟೈಮ್ ಇದ್ದರೆ.

ನಾನೂ ಅದನ್ನೇ ನಂಬಿಕೊಂಡು ಹೋಗಿದ್ದೆ. ಮೊದಲ ದಿನ ನನ್ನ ಕೈಗೆ ಸ್ಕ್ಯಾನರ್ ಬರಲಿಲ್ಲ, ಸ್ಕೇಲು ಬಂತು. ಪುಸ್ತಕದ ಎತ್ತರ ಅಳೆಯಬೇಕಂತೆ. 21.2 ಸೆಂಟಿಮೀಟರ್ ಬಂತು, 21 ಅಂತ ಬರೆದೆ. ಅಲ್ಲಿ ಕೆಲಸ ಕಲಿಸುತ್ತಿದ್ದ ಮೇಡಂ ಅದನ್ನು ಹೊಡೆದುಹಾಕಿ 22 ಮಾಡಿದರು. ಗಣಿತದಲ್ಲಿ ನಾನು ಕಲಿತದ್ದು ಬೇರೆ, ಅಂದೆ. "ಇಲ್ಲಿ ಯಾವಾಗಲೂ ಮೇಲಕ್ಕೇ ಏರಿಸೋದು. ಪುಸ್ತಕ ಕಪಾಟಿನಲ್ಲಿ ಹಿಡಿಸಬೇಕು ಅಲ್ವಾ?" ಅಂದರು. ದರ್ಜಿ ಅಂಗಡಿಗೆ ಸೇರಿದ ಹಾಗಿತ್ತು.

ಈಗ ಆ ಸಂಗೀತದ ಪುಸ್ತಕದ ಕಥೆ. ನನ್ನ ಗೆಳೆಯರು ಇದನ್ನು ಹತ್ತು ಸಲ ಕೇಳಿದ್ದಾರೆ, ಅವರು ಬೇಕಾದರೆ ಹೊರಗೆ ಹೋಗಿ ಬರಬಹುದು.

ಎರಡನೇ ವಾರ ಇರಬೇಕು. ಒಬ್ಬ ಓದುಗರು ಕೌಂಟರಿಗೆ ಬಂದು ಪುಸ್ತಕ ಕೇಳಿದರು. ಹೆಸರಿನ ಮೊದಲ ಪದವೇ ಸಂಗೀತ. ಟೈಪ್ ಮಾಡಿ ನೋಡಿದೆ. ಇಲ್ಲ. "ಇಲ್ಲ ಸರ್" ಅಂದೆ, ಬಹಳ ಆತ್ಮವಿಶ್ವಾಸದಿಂದ. ಅವರು ಹೋದರು. ಮೂರು ದಿನ ಬಿಟ್ಟು ಮತ್ತೆ ಬಂದರು. "ನಾನೇ ಹಿಂದೆ ಇಲ್ಲಿ ಓದಿದ್ದೆ, ಇನ್ನೊಂದು ಸಲ ನೋಡಿ." ಮತ್ತೆ ಇಲ್ಲ. ಈ ಸಲ ಯಾಕೋ ಲೇಖಕರ ಹೆಸರು ಹಾಕಿ ನೋಡಿದೆ. ಬಂತು! ಅದೇ ಪುಸ್ತಕ, ಪರದೆ ಮೇಲೆ, ಒಂದಕ್ಷರ ತಪ್ಪಿಲ್ಲದೆ. ಹೆಸರು ಹಾಕಿದರೆ ಮಾತ್ರ ಇಲ್ಲ. ಪರದೆಯಿಂದಲೇ ಹೆಸರನ್ನು ಕಾಪಿ ಮಾಡಿ ಹುಡುಕಿದೆ. ಸಿಕ್ಕಿತು! ಕೈಯಾರೆ ಟೈಪ್ ಮಾಡಿದೆ. ಇಲ್ಲ! ಕಂಪ್ಯೂಟರಿಗೆ ದೆವ್ವ ಹೊಕ್ಕಿದೆ ಅಂತಲೇ ಅಂದುಕೊಂಡೆ.

ಮೇಡಂ ಬಂದರು. ಕರ್ಸರನ್ನು 'ಸ' ಮುಂದೆ ಇಟ್ಟು ಬಾಣದ ಕೀಲಿ ಒಂದೊಂದೇ ಸಲ ಒತ್ತಿದರು. 'ಸಂ' ಒಂದೇ ನೆಗೆತಕ್ಕೆ ದಾಟಬೇಕಿತ್ತು. ಕರ್ಸರು ನಡುವೆ ನಿಂತಿತು. ಅಲ್ಲಿದ್ದದ್ದು ಅನುಸ್ವಾರ ಅಲ್ಲ. ಕನ್ನಡದ ಅಂಕಿ ಸೊನ್ನೆ. 'ಸಂಗೀತ' ಅಲ್ಲ, 'ಸ೦ಗೀತ'. ನಿಮಗೆ ವ್ಯತ್ಯಾಸ ಕಂಡಿತಾ? ಎಷ್ಟೋ ಫಾಂಟುಗಳಲ್ಲಿ ಕಾಣೋದೇ ಇಲ್ಲ. ಕಂಪ್ಯೂಟರಿಗೆ ಮಾತ್ರ ಇವೆರಡೂ ಬೇರೆ ಬೇರೆ ಯೂನಿಕೋಡ್ ಅಕ್ಷರ. ನಮಗೆ ಚಿಕ್ಕಂದಿನಲ್ಲಿ "ಅ ಪಕ್ಕ ಸೊನ್ನೆ ಇಟ್ಟರೆ ಅಂ" ಅಂತ ಹೇಳಿಕೊಟ್ಟವರ ಮೇಲೆ ಆ ದಿನ ಸಿಟ್ಟೇ ಬಂತು.

ತಪ್ಪು ಯಾರದು? ನನ್ನದೇ. ಯಾರೋ ಹಿಂದೆ ಟೈಪ್ ಮಾಡಿಟ್ಟ ಪಟ್ಟಿ ಇತ್ತು. ಕೆಲಸ ಬೇಗ ಮುಗಿಯಲಿ ಅಂತ ಅದರಿಂದ ಎತ್ತಿ ಸುಮ್ನೆ ಅಂಟಿಸಿದ್ದೆ. ಹಾಗೆ ಅಂಟಿಸಿದ್ದನ್ನೆಲ್ಲ ಹುಡುಕಿ ತಿದ್ದೋಕೆ ಎರಡು ದಿನ ಹಿಡಿಯಿತು. ಪುಸ್ತಕ ಅಷ್ಟೂ ದಿನ ಕಪಾಟಿನಲ್ಲೇ ಇತ್ತು. ಇದ್ದರೆ ಸಾಲದು, ಸಿಗಬೇಕು.

ಈಗ ಹೇಳಿ, ಸ್ಕ್ಯಾನ್ ಮಾಡಿದರೆ "ತಾನಾಗೇ" ಬರುತ್ತೆ ಅಂದಿರಲ್ಲ, ಅದು ಎಲ್ಲಿಂದ ಬರುತ್ತೆ? ಆಕಾಶದಿಂದಲ್ಲ. ಬೇರೆ ಯಾವುದೋ ಗ್ರಂಥಾಲಯದಲ್ಲಿ ಯಾರೋ ಮಾಡಿಟ್ಟ ದಾಖಲೆ ಬರುತ್ತೆ. ಅವರೂ ನನ್ನ ಹಾಗೆ ಅಂಟಿಸಿದ್ದರೆ? ಇನ್ನು ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾಗಿದ್ದೇ 1970ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕದಲ್ಲಿ ಏನನ್ನು ಸ್ಕ್ಯಾನ್ ಮಾಡ್ತೀರಿ, ಗೆದ್ದಲಿನ ತೂತನ್ನಾ?

ಹೆಸರುಗಳ ಗೋಳು ಇನ್ನೊಂದು. ಶ್ರೀರಂಗ, ಆದ್ಯ ರಂಗಾಚಾರ್ಯ, ಆರ್.ವಿ. ಜಾಗೀರದಾರ. ಮೂರು ಪುಸ್ತಕ, ಮೂರು ಹೆಸರು, ಮನುಷ್ಯ ಒಬ್ಬರೇ. ಸ್ಕ್ಯಾನರಿಗೆ ಇದು ಗೊತ್ತಾ? ಒಂದು ಹೆಸರನ್ನು ಅಧಿಕೃತ ಅಂತ ಇಟ್ಟುಕೊಂಡು, ಉಳಿದವುಗಳಿಂದ ಅಲ್ಲಿಗೆ ದಾರಿ ತೋರಿಸಬೇಕು. ಇಲ್ಲದಿದ್ದರೆ ನಾಟಕ ಓದಿದವರಿಗೆ ಅವರ ಇಂಗ್ಲಿಷ್ ಪುಸ್ತಕ ಸಿಗಲ್ಲ. ಕೊನೆಯ ಪದವೇ ಮನೆತನದ ಹೆಸರು ಅನ್ನೋ ಪಾಶ್ಚಾತ್ಯ ನಿಯಮವೂ ನಮಗೆ ಪೂರ್ತಿ ಒಗ್ಗಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ, ನಮ್ಮ ಎಸ್.ಆರ್. ರಂಗನಾಥನ್ ಅವರನ್ನೇ ನೋಡಿ. ಎಸ್ ಅಂದರೆ ಶಿಯಾಳಿ, ಊರು. ಆರ್ ಅಂದರೆ ರಾಮಾಮೃತ, ತಂದೆ. ರಂಗನಾಥನ್ ಅನ್ನೋದು ಅವರದೇ ಹೆಸರು, ಮನೆತನದ್ದಲ್ಲ. ಅಂಥವರು 1934ರಲ್ಲಿ ತಮ್ಮದೇ ಸೂಚೀಕರಣ ಸಂಹಿತೆ, ಅಂದರೆ ಕ್ಯಾಟಲಾಗಿಂಗ್ ನಿಯಮಗಳ ಪುಸ್ತಕ, ಬರೆದರು ಅಂದರೆ ನನಗೇನೂ ಆಶ್ಚರ್ಯ ಇಲ್ಲ.

ಮಾರ್ಕ್ ಬಗ್ಗೆ ಹೆದರಬೇಡಿ. ಪುಸ್ತಕದ ಒಂದೊಂದು ವಿವರಕ್ಕೂ ಒಂದೊಂದು ನಂಬರ್ ಕೊಟ್ಟು ಕಂಪ್ಯೂಟರಿನಲ್ಲಿ ದಾಖಲಿಸುವ ನಮೂನೆ ಅದು, ಅಷ್ಟೇ. 100 ಲೇಖಕ, 245 ಶೀರ್ಷಿಕೆ, 300 ಪುಟ ಮತ್ತು ಆ ಸ್ಕೇಲು, 650 ವಿಷಯ. ವಾರದಲ್ಲಿ ಬಾಯಿಪಾಠ ಆಗುತ್ತೆ. 245ರ ಎರಡನೇ ಸೂಚಕ ಮಾತ್ರ ನೋಡಿಕೊಳ್ಳಿ. ಅಕಾರಾದಿಯಲ್ಲಿ ಜೋಡಿಸುವಾಗ ಶುರುವಿನ ಎಷ್ಟು ಅಕ್ಷರ ಬಿಡಬೇಕು ಅಂತ ಹೇಳುವ ಅಂಕಿ ಅದು. ಇಂಗ್ಲಿಷ್ ಹೆಸರು 'ದಿ' (The) ಅಂತ ಶುರುವಾದರೆ ಅಲ್ಲಿ 4 ಹಾಕಬೇಕು. ಮೂರು ಅಕ್ಷರ, ಒಂದು ಖಾಲಿ ಜಾಗ. ಮರೆತರೆ ಅಂಥ ಪುಸ್ತಕಗಳೆಲ್ಲ 'ಟಿ' ಅಕ್ಷರದಲ್ಲಿ ರಾಶಿ ಬೀಳುತ್ತವೆ. ಕನ್ನಡದಲ್ಲಿ ಆ ಕಾಟ ಇಲ್ಲ, ಸೊನ್ನೆ ಹಾಕಿದರಾಯಿತು. ಈ ಸಲ ನಿಜವಾದ ಸೊನ್ನೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ. ಸರಿ.

ವರ್ಗೀಕರಣಕ್ಕೆ, ಅಂದರೆ ವಿಷಯ ನೋಡಿ ಪುಸ್ತಕಕ್ಕೆ ನಂಬರ್ ಕೊಡೋದಕ್ಕೆ, ಅರ್ಧ ಗಂಟೆ ಬೇಕಿತ್ತು, ಒಂದೇ ಮಾತು ಹೇಳುತ್ತೇನೆ. ಹೆಸರು ನೋಡಿ ನಂಬರ್ ಕೊಡಬೇಡಿ. ಹೆಸರಿನಲ್ಲಿ 'ಬೇರು' ಅಂತ ಇದ್ದದ್ದಕ್ಕೆ ನಾನು ಡ್ಯೂಯಿ ಅನ್ನೋ ವರ್ಗೀಕರಣ ಪದ್ಧತಿಯಲ್ಲಿ 580 ಕೊಟ್ಟೆ, ಸಸ್ಯಶಾಸ್ತ್ರ. ಒಳಗೆ ತೆರೆದರೆ ಕವನಗಳು. ಕನ್ನಡ ಕಾವ್ಯದ 894.8141ಕ್ಕೆ ಹೋಗಬೇಕಿದ್ದ ಕವಿ ಪಾಪ ಎರಡು ವಾರ ಗಿಡಗಳ ಜೊತೆ ಇದ್ದರು. ಇದ್ದರು, ಆದರೆ ಯಾರಿಗೂ ಸಿಗಲಿಲ್ಲ. ಮತ್ತೆ ಅದೇ ಮಾತು.

ಕಂಪ್ಯೂಟರಿಗಿಂತ ಮುಂಚೆ ಪುಸ್ತಕಗಳ ವಿವರ ಇರುತ್ತಿದ್ದ ಕಾರ್ಡುಗಳ ಬಗ್ಗೆ ಹೇಳಬೇಕಿತ್ತು. ಗ್ರಂಥಾಲಯಗಳಿಗೆ ಅವನ್ನು ಮುದ್ರಿಸಿ ಕೊಡುತ್ತಿದ್ದ ಅಮೆರಿಕದ ಸಂಸ್ಥೆ ಓಸಿಎಲ್‌ಸಿ ಕೊನೆಯ ಕಾರ್ಡುಗಳನ್ನು ಮುದ್ರಿಸಿದ್ದು 2015ರಲ್ಲಿ, ಅಷ್ಟೇನೂ ಹಿಂದೆ ಅಲ್ಲ. ನೀವು ಹೋಗುವ ಕಡೆ ಹಳೆಯ ಡ್ರಾಯರ್ ಇದ್ದರೆ ಒಂದು ಮಧ್ಯಾಹ್ನ ಸುಮ್ನೆ ಎಳೆದು ನೋಡಿ.

ಆ ಓದುಗರು ಮೂರನೇ ಸಲ ಬಂದಾಗ ಪುಸ್ತಕ ಕೊಟ್ಟೆ. ಸೊನ್ನೆಯ ಕಥೆ ಹೇಳಿ ಕ್ಷಮೆ ಕೇಳೋಣ ಅಂತಿದ್ದೆ. ಅವರು ನಿಂತಲ್ಲೇ ಓದಲು ಶುರುಮಾಡಿದರು, ನನ್ನ ಕಡೆ ನೋಡಲೂ ಇಲ್ಲ.

ಸ್ಕೇಲು ನೀವೇ ತಗೊಂಡು ಹೋಗಿ. ಅಲ್ಲಿ ಇರೋದು ಒಂದೇ, ಅದಕ್ಕೆ ಯಾವಾಗಲೂ ಜಗಳ. ಪ್ರಶ್ನೆ ಇದ್ದರೆ ಕೇಳಿ. ಬಾಗಿಲ ಹತ್ತಿರ ಮಾತಾಡಿದವರೇ ಶುರುಮಾಡಬಹುದು.