ಟಿಲ್ ಮೊದಲು, ಅನ್‌ಟಿಲ್ ಆಮೇಲೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಪದಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಒಂದೇ ಪದದ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರ ಮುಖ ಸ್ವಲ್ಪ ಸಣ್ಣಗಾಯಿತು. ಪದ ‘ಅನ್‌ಟಿಲ್’, ಅಂದರೆ ನಮ್ಮ ‘ತನಕ’. ಅದರ ಜೊತೆಗೆ ‘ಟಿಲ್’ ಕೂಡ ಬರುತ್ತದೆ, ಹಾಗಾಗಿ ಲೆಕ್ಕಕ್ಕೆ ಎರಡು ಪದ ಅಂತ ಅವರನ್ನು ಸಮಾಧಾನ ಮಾಡಿದ್ದೇನೆ.

ಸಭೆಯಲ್ಲಿ ಮೇಷ್ಟ್ರುಗಳು, ಮೇಡಂಗಳು ಜಾಸ್ತಿ ಇದ್ದೀರಿ. ಅದಕ್ಕೇ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಟಿ, ಐ, ಎಲ್, ಎಲ್ ಅಂತ ಬರೆದರೆ ಕೆಂಪು ಪೆನ್ನಲ್ಲಿ ಹೊಡೆದುಹಾಕಬೇಡಿ. ‘ಇದು ಆಡುಮಾತು, ಪೂರ್ತಿ ಬರಿ’ ಅನ್ನಬೇಡಿ. ಟಿಲ್ ಅನ್ನುವುದು ಅನ್‌ಟಿಲ್‌ನ ಮೊಟಕು ರೂಪ ಅಲ್ಲ. ಟಿಲ್ ಹಳೆಯದು, ಅನ್‌ಟಿಲ್ ಆಮೇಲೆ ಬಂದದ್ದು. ನಾವು ಮಾಡುತ್ತಿರುವುದು ದೊಡ್ಡಪ್ಪನನ್ನು ಹಿಡಿದು ‘ನೀನು ಯಾರ ಮಗನಪ್ಪ’ ಅಂತ ಕೇಳಿದ ಹಾಗೆ.

ಎಷ್ಟು ಹಳೆಯದು? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ. ಕೇಳಿದವರು ಇನ್ನೊಮ್ಮೆ ಕೇಳಿ.

ಏಳನೆಯ ಶತಮಾನ. ಇಂಗ್ಲೆಂಡಿನ ಉತ್ತರ ಭಾಗ, ವಿಟ್‌ಬಿ ಎಂಬಲ್ಲಿ ಒಂದು ಮಠ. ಮಠದ ಮುಖ್ಯಸ್ಥೆ ಹಿಲ್ಡ್ ಎಂಬ ಹೆಂಗಸು. ಅಲ್ಲಿ ದನ ನೋಡಿಕೊಳ್ಳುತ್ತಿದ್ದವನು ಕ್ಯಾಡ್ಮನ್. ಅವನಿಗೆ ಹಾಡು ಬಾರದು. ಊಟದ ಕೂಟಗಳಲ್ಲಿ ಹಾರ್ಪ್ ವಾದ್ಯ ಕೈಯಿಂದ ಕೈಗೆ ಬರುತ್ತಿತ್ತು, ಬಂದವರೆಲ್ಲ ಹಾಡಬೇಕು. ಹಾರ್ಪ್ ತನ್ನ ಹತ್ತಿರ ಬರುತ್ತಿದೆ ಅಂತ ಗೊತ್ತಾದರೆ ಸಾಕು, ಕ್ಯಾಡ್ಮನ್ ಸುಮ್ನೆ ಎದ್ದು ಜಾಗ ಖಾಲಿ ಮಾಡುತ್ತಿದ್ದ. (ಭಾಷಣ ಮಾಡಿ ಅಂದಾಗ ನಿಮ್ಮಲ್ಲಿ ಕೆಲವರು ಮಾಡುವುದೂ ಇದನ್ನೇ, ಅಲ್ವಾ?) ಒಂದು ರಾತ್ರಿ ಹಾಗೇ ಎದ್ದು ಹೋಗಿ ಕೊಟ್ಟಿಗೆಯಲ್ಲಿ ಮಲಗಿದ. ಕನಸಲ್ಲಿ ಯಾರೋ ಬಂದು ‘ಕ್ಯಾಡ್ಮನ್, ನನಗೊಂದು ಹಾಡು ಹೇಳು’ ಅಂದರು. ‘ನನಗೆ ಬರಲ್ಲ, ಅದಕ್ಕೇ ಎದ್ದು ಬಂದೆ’ ಅಂದ. ‘ಆದರೂ ಹಾಡಲೇಬೇಕು’. ‘ಏನು ಹಾಡಲಿ?’ ‘ಸೃಷ್ಟಿಯನ್ನು ಹಾಡು’. ಹಾಡಿದ. ಬೆಳಿಗ್ಗೆ ಎದ್ದಾಗಲೂ ಅದು ನೆನಪಿತ್ತು! ಆಮೇಲೆ ಅವನು ಮಠ ಸೇರಿ ಕವಿಯಾದ. ಈ ಕಥೆ ಬರೆದಿಟ್ಟವನು ಬೀಡ್ ಎಂಬ ಸನ್ಯಾಸಿ, 731ರಲ್ಲಿ.

ಇಷ್ಟೆಲ್ಲ ಯಾಕೆ ಹೇಳಿದೆ? ಹೆಸರು ಗೊತ್ತಿರುವ ಇಂಗ್ಲಿಷ್ ಕವಿಗಳಲ್ಲಿ ಇವನೇ ಮೊದಲಿಗ. ಅವನ ಆ ಹಾಡು ಒಂಬತ್ತೇ ಸಾಲು. ದೇವರು ಮನುಷ್ಯರಿಗೆ ಆಕಾಶವನ್ನು ಸೂರಾಗಿ ಮಾಡಿಕೊಟ್ಟ ಅಂತ ಅದರಲ್ಲಿ ಬರುತ್ತದೆ. ಸುಮಾರು 737ರ ಹಸ್ತಪ್ರತಿಯಲ್ಲಿ ಆ ಮಾತು ಹೀಗಿದೆ: ‘ಹೆಬೆನ್ ಟಿಲ್ ಹ್ರೋಫೆ’. ನೋಡಿದಿರಾ, ನಮ್ಮ ಟಿಲ್! ಅದೂ ಒಂದೇ ಎಲ್ ಹಾಕಿ. ಮುಂದೆ ದಕ್ಷಿಣದ ಲಿಪಿಕಾರರು ಇದೇ ಹಾಡನ್ನು ಪ್ರತಿ ಮಾಡಿಕೊಂಡಾಗ ಟಿಲ್ ತೆಗೆದು ‘ಟು’ ಹಾಕಿದರು. ಅವರಿಗೆ ಅದು ಉತ್ತರದವರ ಮಾತು. ತಿದ್ದುವ ಚಟ ಹೊಸದಲ್ಲ!

ಟಿಲ್ ವೈಕಿಂಗರು, ಅಂದರೆ ಸ್ಕ್ಯಾಂಡಿನೇವಿಯಾದಿಂದ ಹಡಗಲ್ಲಿ ಬಂದ ದಾಳಿಕೋರರು, ತಂದ ಪದ ಅನ್ನುವ ಮಾತನ್ನೂ ಕೇಳಿರುತ್ತೀರಿ. ಅದರಲ್ಲಿ ಅರ್ಧ ನಿಜ ಇದೆ. ಅವರ ಭಾಷೆಯಲ್ಲೂ ‘ಟಿಲ್’ ಇತ್ತು. ಇವತ್ತಿಗೂ ಡೇನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ಒಂದು ಎಲ್, ಸ್ವೀಡಿಷಿನಲ್ಲಿ ಎರಡು ಎಲ್ ಹಾಕಿ ‘ಗೆ, ಕಡೆಗೆ’ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಆದರೆ ವೈಕಿಂಗರು ಉತ್ತರ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿದ್ದು 793ರಲ್ಲಿ. ನಮ್ಮ ಹಸ್ತಪ್ರತಿ ಅದಕ್ಕಿಂತ ಐವತ್ತಕ್ಕೂ ಹೆಚ್ಚು ವರ್ಷ ಹಿಂದಿನದು. ಉತ್ತರದಲ್ಲಿ ಪದ ಮೊದಲೇ ಇತ್ತು. ಅವರು ಬಂದು ನೆಲೆಸಿದ ಮೇಲೆ ಅದಕ್ಕೆ ಬಲ ಬಂತು.

ಆಗಿನ್ನೂ ಅದು ವಾಕ್ಯಗಳನ್ನು ಜೋಡಿಸುತ್ತಿರಲಿಲ್ಲ, ಬರೀ ‘ಗೆ’, ‘ಆಗಿ’ ಅಷ್ಟೇ. ಜೋಡಿಸುವ ಕೆಲಸ ನೋಡಬೇಕಾದರೆ ಪೀಟರ್‌ಬರೋ ಮಠದ ವೃತ್ತಾಂತಕ್ಕೆ ಬರಬೇಕು. 1137ರ ಹೆಸರಲ್ಲಿರುವ ಆ ಭಾಗ ಬರೆದದ್ದು 1154ರ ಆಸುಪಾಸಿನಲ್ಲಿ. ಸ್ಟೀಫನ್ ರಾಜ ಬಿಷಪ್‌ಗಳನ್ನು ಹಿಡಿದು, ಕೋಟೆ ಬಿಟ್ಟುಕೊಡುವ ತನಕ ಸೆರೆಯಲ್ಲಿಟ್ಟ ಅಂತ ಇದೆ. ಆ ‘ತನಕ’ ಟಿಲ್. ಅಲ್ಲಿ ಅನ್‌ಟಿಲ್ ಇಲ್ಲ, ಗಮನಿಸಿ.

ಹಾಗಾದರೆ ಅನ್‌ಟಿಲ್ ಎಲ್ಲಿಂದ ಬಂತು? 1200ರ ಹೊತ್ತಿಗೆ. ಅದರ ‘ಅನ್’ ಅಂದರೆ ‘ಇಲ್ಲ’ ಅಲ್ಲ. ‘ಅನ್‌ಹ್ಯಾಪಿ’ಯ ಅನ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನ ‘ಉಂಡ್’ ಎಂಬ ಪದ, ಅರ್ಥ ‘ವರೆಗೆ’. ಅಂದರೆ ಅನ್‌ಟಿಲ್ ಎಂದರೆ ‘ವರೆಗೆ-ತನಕ’, ಹೇಳಿದ್ದನ್ನೇ ಎರಡು ಸಲ ಹೇಳಿದ್ದು. ‘ಅನ್‌ಟು’ ಕೂಡ ಇದೇ ಅಚ್ಚಿನದು. ಚಿಕ್ಕದು ಅಂದ ಮಾತ್ರಕ್ಕೆ ಕತ್ತರಿಸಿದ್ದು ಅಂತ ತಿಳಿಯಬೇಡಿ ಅಂತ ನಾನು ಹೇಳುತ್ತಿರುವುದು ಇದಕ್ಕೇ. ಇಲ್ಲಿ ಉದ್ದದ್ದೇ ಅಂಟಿಸಿದ್ದು.

ಇನ್ನು ಆ ಎಲ್‌ಗಳ ಜಗಳ. ಹ್ರಸ್ವ ಸ್ವರದ ಒಂದೇ ಉಚ್ಚಾರದ ಪದದ ಕೊನೆಯಲ್ಲಿ ಎಲ್ ಜೋಡಿಯಾಗುವುದು ಇಂಗ್ಲಿಷಿನ ರೂಢಿ: ಹಿಲ್, ಫಿಲ್, ಟಿಲ್. ಉದ್ದವಾದರೆ ಹಲವು ಕಡೆ ಒಂದು ಉದುರುತ್ತದೆ. ‘ಫುಲ್’ಗೆ ಎರಡು, ‘ಬ್ಯೂಟಿಫುಲ್’ಗೆ ಒಂದು. ಮೊದಲೆಲ್ಲ ಅನ್‌ಟಿಲ್‌ಗೂ ಎರಡು ಎಲ್ ಹಾಕುತ್ತಿದ್ದರು. 1623ರ ಶೇಕ್ಸ್‌ಪಿಯರ್ ಮುದ್ರಣದಲ್ಲೂ ಹಾಗೆ ಸಿಗುತ್ತದೆ. ಇವತ್ತು ಬರೆದರೆ ತಪ್ಪು. ಕೆಂಪು ಪೆನ್ನು ಎತ್ತುವುದಾದರೆ ಇಲ್ಲಿ ಎತ್ತಿ. ಟಿಲ್ ಮುಂದೆ ಅಪಾಸ್ಟ್ರಫಿ ಹಾಕಿ ಒಂದೇ ಎಲ್ ಬರೆಯುವವರೂ ಇದ್ದಾರೆ. ಏನೋ ಬಿಟ್ಟುಹೋಗಿದೆ ಅನ್ನುವ ಗುರುತು ಅದು. ಬಿಟ್ಟುಹೋದದ್ದು ಏನೂ ಇಲ್ಲವಲ್ಲ! ಪಾಪ, ನಿಘಂಟುಗಳು ಅದಕ್ಕೂ ಒಂದು ಮೂಲೆ ಕೊಟ್ಟಿವೆ. ನನಗೆ ಮಾತ್ರ ಸಹಿಸಲು ಆಗುವುದಿಲ್ಲ.

ಸಮಯ ಆಗುತ್ತಿದೆ ಅಂತ ಚೀಟಿ ಬಂದಿದೆ. ಅರ್ಥದ ಬಗ್ಗೆ ಎಂಟು ಅಂಶ ಬರೆದುಕೊಂಡು ಬಂದಿದ್ದೆ, ಎಲ್ಲ ಹೇಳಲು ಆಗುವುದಿಲ್ಲ. ಒಂದನ್ನು ಮಾತ್ರ ಬಿಡುವುದಿಲ್ಲ. ‘ಅದಾಗುವ ತನಕ ಹೀಗಿತ್ತು’ ಅಂದರೆ, ಆಮೇಲೆ ಬದಲಾಯಿತು ಅಂತಲೇ ಅರ್ಥವೇ? ಮತ್ತಾಯನ ಸುವಾರ್ತೆಯಲ್ಲಿ, ಮಗ ಹುಟ್ಟುವ ತನಕ ಜೋಸೆಫ್ ಮರಿಯಳನ್ನು ಕೂಡಲಿಲ್ಲ ಅಂತ ಬರುತ್ತದೆ. ಹಾಗಾದರೆ ಆಮೇಲೆ ಕೂಡಿದ ಅಂತಾಯಿತು, ಎಂದ ಹೆಲ್ವಿಡಿಯಸ್ ಎಂಬ ಕ್ರೈಸ್ತ ಲೇಖಕ. ಸುಮಾರು 383ರಲ್ಲಿ ಜೆರೋಮ್ ಎಂಬ ಕ್ರೈಸ್ತ ಪಂಡಿತ ಅವನ ಮೇಲೆ ಒಂದು ಪುಸ್ತಕವನ್ನೇ ಬರೆದು ಹರಿಹಾಯ್ದ. ‘ಲೋಕದ ಕೊನೆಯ ತನಕ ನಿಮ್ಮ ಜೊತೆ ಇರುತ್ತೇನೆ’ ಅಂತ ಯೇಸು ಹೇಳಿದ್ದಾನಲ್ಲ, ಲೋಕ ಮುಗಿದ ಮೇಲೆ ಕೈಬಿಡುತ್ತಾನೋ, ಅಂತ ಕೇಳಿದ. ಅದು ಗ್ರೀಕ್, ಲ್ಯಾಟಿನ್ ಪದಗಳ ಮೇಲಿನ ಜಗಳ, ನಿಜ. ಆದರೆ ಇಂಗ್ಲಿಷ್ ಟಿಲ್‌ನಲ್ಲೂ ಅದೇ ತೊಡಕು ಕೂತಿದೆ. ‘ಶುಕ್ರವಾರದ ತನಕ’ ಅಂದರೆ ಶುಕ್ರವಾರ ಸೇರಿತೋ ಇಲ್ಲವೋ? ಕರಾರು ಬರೆಯುವ ವಕೀಲರು ‘ಶುಕ್ರವಾರವೂ ಸೇರಿ’ ಅಂತ ಇನ್ನೊಂದು ಮಾತು ಸೇರಿಸುವುದು ಸುಮ್ಮನೆ ಅಲ್ಲ.

ಪ್ರೋಗ್ರಾಮಿಂಗ್ ಓದುವವರು ಹಿಂದೆ ಕೂತಿದ್ದೀರಿ, ನಿಮಗೊಂದು ಮಾತು. 1970ರ ಪಾಸ್ಕಲ್ ಭಾಷೆಯ ‘ರಿಪೀಟ್-ಅನ್‌ಟಿಲ್’ ಲೂಪಿನಲ್ಲಿ ಷರತ್ತು ನೋಡುವುದು ಕೊನೆಗೆ. ಹಾಗಾಗಿ ಕೆಲಸ ಒಂದು ಸಲವಾದರೂ ನಡೆದೇ ನಡೆಯುತ್ತದೆ. ಅಲ್ಲಿ ಗೊಂದಲ ಇಲ್ಲ.

ಮದುವೆಯ ಪ್ರತಿಜ್ಞೆ, ಹೊಲ ಉಳುವ ‘ಟಿಲ್’, ಹಣದ ಪೆಟ್ಟಿಗೆಯ ‘ಟಿಲ್’ ಎಲ್ಲ ಉಳಿದವು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರತಿಜ್ಞೆಯದ್ದು ಒಂದೇ ವಾಕ್ಯ: ‘ಸಾವು ನಮ್ಮನ್ನು ಅಗಲಿಸುವ ತನಕ’ ಅನ್ನುವ ಮಾತಿಗೆ ಇಂಗ್ಲೆಂಡ್ ಚರ್ಚಿನ 1549ರ ಪ್ರಾರ್ಥನಾ ಪುಸ್ತಕದಲ್ಲಿದ್ದ ‘ಡಿಪಾರ್ಟ್’ ಹಳೆಯದಾಯಿತು ಅಂತ 1662ರಲ್ಲಿ ‘ಡು ಪಾರ್ಟ್’ ಮಾಡಿದರು, ಅದರ ಹಿಂದಿದ್ದ ಟಿಲ್ ಮುಟ್ಟಲಿಲ್ಲ. ಉಳಿದದ್ದನ್ನು ಪ್ರಶ್ನೆಗಳಲ್ಲಿ ಕೇಳಿ, ಹೇಳುತ್ತೇನೆ.