ಒಂದು ಬ್ಯಾಂಕ್, ಎಷ್ಟು ಕಟ್ಟೆ?

(ಗಂಗಾವತಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸ)

ಪ್ರಾಂಶುಪಾಲರೇ, ಇಂಗ್ಲಿಷ್ ವಿಭಾಗದ ಗೆಳೆಯರೇ, ಹಿಂದಿನ ಸಾಲಿನಲ್ಲಿ ಕೂತು ಈಗಲೇ ಬಾಗಿಲ ಕಡೆ ನೋಡುತ್ತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ, ಹಳ್ಳಿ ಮಕ್ಕಳು ಇಂಗ್ಲಿಷ್ ಪದಗಳನ್ನು ಜಾಸ್ತಿ ಕಲಿಯುವುದು ಹೇಗೆ ಎಂದು. ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿ ಎಂದು ಹೇಳಿ, ಶಾಲು ಹೊದ್ದುಕೊಂಡು ಹೋಗಬಹುದಿತ್ತು. ಆದರೆ ಆ ಬಾಯಿಪಾಠದ ಮೇಲೆ ನನಗೆ ನಂಬಿಕೆ ಇಲ್ಲ. ಪದಕ್ಕೆ ಒಂದು ಅರ್ಥ ಕಲಿಸಿ ಕೈ ಬಿಡುವುದಕ್ಕಿಂತ ಅದರ ಮನೆತನ ಹೇಳಿಕೊಡಬೇಕು. ಎಲ್ಲಿ ಹುಟ್ಟಿತು, ಯಾರ ಜೊತೆ ಹೋಯಿತು, ಏನಾಗಿ ತಿರುಗಿ ಬಂತು ಅನ್ನುವುದನ್ನು. ಅದಕ್ಕೇ ಇವತ್ತು ಒಂದೇ ಪದ ಹಿಡಿಯುತ್ತೇನೆ. ನಮ್ಮ ಸೀಮೆಯಲ್ಲಿ ಓದು ಬರದವರ ಬಾಯಲ್ಲೂ ದಿನಾ ಓಡಾಡುವ ಪದ. ಬ್ಯಾಂಕ್.

ಮೊದಲು ನಮ್ಮ ದೊಡ್ಡಪ್ಪನ ಕಥೆ. ಕೆಲವರು ಕೇಳಿರಬಹುದು. ನಾನು ಹೋದಲ್ಲೆಲ್ಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಗ ಕೊಪ್ಪಳ ಇನ್ನೂ ಜಿಲ್ಲೆ ಆಗಿರಲಿಲ್ಲ. ನಾವೆಲ್ಲ ರಾಯಚೂರು ಜಿಲ್ಲೆಯವರು. ದೊಡ್ಡಪ್ಪನ ಗದ್ದೆ ಕಾರಟಗಿ ಕಡೆ. ಒಂದು ದಿನ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ ಬಂತು. ನೀರಿನ ಕರ ಬಾಕಿ ಇದೆ ಎಂದು ಕಾಲುವೆ ಆಫೀಸಿನವರು ಕಳಿಸಿದ್ದು. ಆದರೆ ಮನೆಯಲ್ಲಿ ಯಾರಿಗೆ ಗೊತ್ತು? ಎಸ್ಸೆಸ್ಸೆಲ್ಸಿ ಪಾಸಾಗಿದ್ದವನು ದೊಡ್ಡಪ್ಪನ ಮಗ ಒಬ್ಬನೇ. ಅವನನ್ನು ಕರೆದರು. ಅವನು ಕಾಗದದ ತಲೆಬರಹದ ಮೇಲೆ ಬೆರಳಿಟ್ಟ. ಲೆಫ್ಟ್ ಬ್ಯಾಂಕ್ ಕೆನಾಲ್.

"ಏನಂತಲೇ?"

"ಲೆಫ್ಟ್ ಅಂದ್ರ ಬಿಟ್ಟು ಹೋತು. ಬ್ಯಾಂಕ್ ಅಂದ್ರ ಬ್ಯಾಂಕು. ಕೆನಾಲ್ ಅಂದ್ರ ಕಾಲುವಿ."

"ಕೂಡಿಸಿ ಹೇಳಲೇ."

"ಬ್ಯಾಂಕು ಬಿಟ್ಟು ಹೋಗೈತಪ. ಕಾಲುವಿ ಕಡಿ ಹೋಗೈತಿ."

ಆ ವರ್ಷದ ಭತ್ತದ ರೊಕ್ಕ ಪೂರ್ತಿ ಬ್ಯಾಂಕಿನಲ್ಲಿತ್ತು. ದೊಡ್ಡಪ್ಪ ಧೋತರ ಎತ್ತಿ ಕಟ್ಟಿ, ಪಾಸ್‌ಬುಕ್ ಟವೆಲ್ಲಿನಲ್ಲಿ ಸುತ್ತಿಕೊಂಡು, ಸಿಕ್ಕ ಲಾರಿ ಹತ್ತಿದ. ಇಳಿದು ನೋಡಿದರೆ ಬ್ಯಾಂಕು ಅಲ್ಲೇ ಇದೆ! ಒಳಗೆ ಫ್ಯಾನ್ ತಿರುಗುತ್ತಿದೆ, ಕೌಂಟರಿನಲ್ಲಿ ಕ್ಯಾಶಿಯರ್ ಕೂತಿದ್ದಾನೆ. ದೊಡ್ಡಪ್ಪ ಜಾಲರಿಗೆ ಮುಖ ಒತ್ತಿ ಕೇಳಿದ, "ಇನ್ನಾ ಹೋಗಿಲ್ಲಲ್ರಿ?" ಕ್ಯಾಶಿಯರ್ ಗಡಿಯಾರ ನೋಡಿ ಹೇಳಿದ, "ಒಂದೂವರಿಗೆ ಹೋಗ್ತೀವಿ." ಅವನು ಹೇಳಿದ್ದು ಊಟಕ್ಕೆ. "ಅಷ್ಟರಾಗ ನಂದು ಕೊಟ್ಟುಬಿಡ್ರಿ" ಎಂದು ದೊಡ್ಡಪ್ಪ ಅಷ್ಟೂ ರೊಕ್ಕ ತೆಗೆದ.

ಇಷ್ಟು ರೊಕ್ಕ ಒಮ್ಮೆಲೇ ಯಾಕೆ ಎಂದು ಮ್ಯಾನೇಜರ್ ಒಳಗೆ ಕರೆದರು. ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಮಾಧಾನವಾಗಿ ಹೇಳಿದರು: ಯಜಮಾನ್ರೆ, ನದಿ ದಂಡಿಗೂ ಇಂಗ್ಲಿಷಿನಾಗ ಬ್ಯಾಂಕ್ ಅಂತಾರ, ಇದು ಎಡದಂಡಿ ಕಾಲುವಿ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಎರಡಕ್ಕೂ ಒಂದ ಹೆಸರು ಇಟ್ಟಾವ ಶಾಣ್ಯಾ ಇದ್ದಾನ ಬಿಡ್ರಿ. ನಮಗ ಬೇಕಾದಾಗ ಅದರಾಗ ನೀರ ಇರಂಗಿಲ್ಲ, ಇದರಾಗ ಸಾಲ ಇರಂಗಿಲ್ಲ."

ಕಾಲುವೆಯ ಕೊನೆ ಭಾಗದ ರೈತರು ಚಪ್ಪಾಳೆ ತಟ್ಟುತ್ತಿದ್ದೀರಿ. ಸಿಂಧನೂರು, ಮಾನ್ವಿ ಕಡೆಯವರು ಇರಬೇಕು.

ಈಗ ನೋಡಿ, ನಮ್ಮಣ್ಣ ದಡ್ಡನಾ? ಮೂರು ಪದ, ಮೂರು ಅರ್ಥ, ಮೂರೂ ಡಿಕ್ಷನರಿಯಲ್ಲಿವೆ. ಪರೀಕ್ಷೆಯಲ್ಲಾದರೆ ಪೂರ್ತಿ ಮಾರ್ಕ್ಸ್. ಬಾಯಿಪಾಠ ಮಾಡಿಸುವವರ ಲೆಕ್ಕದಲ್ಲಿ ಅವನು ಜಾಣ.

ಲೆಫ್ಟ್ ಎನ್ನುವುದೇ ಎರಡು ಬೇರೆ ಪದ. 'ಬಿಟ್ಟಿತು' ಎನ್ನುವುದು ಲೀವ್‌ನಿಂದ ಬಂದದ್ದು. 'ಎಡ' ಎನ್ನುವ ಲೆಫ್ಟ್ ಹಳೆಯ ಇಂಗ್ಲಿಷಿನಲ್ಲಿ 'ಬಲವಿಲ್ಲದ್ದು' ಎಂಬ ಅರ್ಥದ ಪದ. ನಾವು ಬಲಗೈಯನ್ನು ಬಲ ಎಂದು ಕರೆದೆವು, ಅವರು ಇನ್ನೊಂದನ್ನು ಬಲಹೀನ ಎಂದು ಕರೆದರು. ಎಡಗೈಯವರು ಇದ್ದರೆ ಕ್ಷಮಿಸಿ.

ಇನ್ನು ಯಾವುದು ಎಡದಂಡೆ? ನೀರು ಹರಿಯುವ ಕಡೆ ಮುಖ ಮಾಡಿ ನಿಂತಾಗ ಎಡಕ್ಕೆ ಇರುವುದು. ಆನೆಗೊಂದಿ ಎಡದಂಡೆ, ಹಂಪಿ ಬಲದಂಡೆ. ಇದು ಬರೀ ದಿಕ್ಕಿನ ಮಾತಲ್ಲ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡೂ ದಂಡೆಯಲ್ಲಿ ಬೇರೆ ಬೇರೆ ಅಡಿಗಲ್ಲು ಹಾಕಿದರು. ಯಾಕೆಂದರೆ ಈಚೆ ದಂಡೆ ನಿಜಾಮರ ಹೈದರಾಬಾದ್, ಆಚೆ ದಂಡೆ ಬ್ರಿಟಿಷರ ಮದ್ರಾಸ್. ಈಚೆ ನಿಜಾಮರ ರೂಪಾಯಿ ಹಾಲಿ ಸಿಕ್ಕಾ, ಆಚೆ ಬ್ರಿಟಿಷ್ ರೂಪಾಯಿ. ಈಚೆ 1942ರಲ್ಲಿ ಶುರುವಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್, ಹಿರಿಯರು ಎಸ್‌ಬಿಎಚ್ ಅನ್ನುತ್ತಾರಲ್ಲ, ಅದೇ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ನದಿ ದಾಟಿದರೆ ನೀರಿನ ಬ್ಯಾಂಕೂ ಬೇರೆ, ದುಡ್ಡಿನ ಬ್ಯಾಂಕೂ ಬೇರೆ. ಜಗತ್ತಿನಲ್ಲಿ ಇಂಥ ಊರುಗಳು ಎಷ್ಟಿವೆಯೋ, ನನಗಂತೂ ನಮ್ಮದೇ ಸಾಕು.

ಸರಿ, ಎರಡಕ್ಕೂ ಒಂದೇ ಹೆಸರು ಇಟ್ಟವನು ಯಾರು? ಯಾರೂ ಇಟ್ಟಿಲ್ಲ. ಎರಡು ದಾರಿಯಲ್ಲಿ ಎರಡು ಪದ ಬಂದು ಇಂಗ್ಲಿಷಿನಲ್ಲಿ ಸೇರಿದವು.

ನದಿಯ ಬ್ಯಾಂಕ್ ಬಂದದ್ದು ಉತ್ತರದಿಂದ. ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದು ಇಂಗ್ಲೆಂಡನ್ನು ಮೊದಲು ದೋಚಿ, ಆಮೇಲೆ ಅಲ್ಲೇ ಬೇಸಾಯ ಮಾಡಿಕೊಂಡು ಉಳಿದ ಜನರ ಭಾಷೆಯ ಪದ ಅದು. ಅರ್ಥ, ಎತ್ತರಿಸಿದ ಮಣ್ಣು, ದಿಬ್ಬ. ಮರಳಿನ ದಿಬ್ಬ, ಮಂಜಿನ ರಾಶಿ, ಮೋಡದ ರಾಶಿ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಬ್ಯಾಂಕ್ ಎನ್ನುವುದು ಇದೇ ಅರ್ಥದಲ್ಲಿ. ಎಂಬ್ಯಾಂಕ್‌ಮೆಂಟ್ ಕೂಡ ಇದರ ಮಗನೇ.

ದುಡ್ಡಿನ ಬ್ಯಾಂಕ್ ಬಂದದ್ದು ದಕ್ಷಿಣದಿಂದ, ಇಟಲಿಯಿಂದ, ಫ್ರಾನ್ಸ್ ಹಾದು. ಇಟಲಿಯ ಊರುಗಳಲ್ಲಿ ದುಡ್ಡು ಬದಲಿಸಿಕೊಡುವವರು ಬೆಂಚು ಹಾಕಿಕೊಂಡು ಕೂರುತ್ತಿದ್ದರು. ಬೆಂಚಿಗೆ ಅಲ್ಲಿ ಬಾಂಕಾ, ಬಾಂಕೊ ಎನ್ನುತ್ತಾರೆ. ಬೆಂಚಿನ ಹೆಸರೇ ವ್ಯಾಪಾರಕ್ಕೆ ಬಂತು. 15ನೇ ಶತಮಾನದ ಕೊನೆಗೆ ಇಂಗ್ಲಿಷಿಗೂ ಬಂತು.

ಮಜಾ ಇರುವುದು ಇಲ್ಲಿ. ಆ ಇಟಲಿಯ ಬಾಂಕಾ ಮೂಲದಲ್ಲಿ ಇಟಲಿಯದಲ್ಲ. ಉತ್ತರದ ಜರ್ಮನಿಕ್ ಜನ ಇಟಲಿಗೆ ನುಗ್ಗಿದಾಗ ಬಿಟ್ಟುಹೋದ ಪದ. ಇಂಗ್ಲಿಷಿನ ಬೆಂಚ್, ನದಿಯ ಬ್ಯಾಂಕ್, ಇಟಲಿಯ ಬಾಂಕಾ, ಮೂರೂ ಒಂದೇ ಬೇರಿನವು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಗುಳೆ ಹೋಗಿ, ಎಷ್ಟೋ ವರ್ಷದ ಮೇಲೆ ಒಂದೇ ಊರಿನಲ್ಲಿ ಎದುರಾಗಿ ಗುರುತು ಸಿಗದೆ ನಿಂತ ಹಾಗೆ.

ಎತ್ತರಿಸಿದ ಮಣ್ಣಿಗೂ ಕೂರುವ ಬೆಂಚಿಗೂ ಏನು ಸಂಬಂಧ ಎಂದು ಇಂಗ್ಲಿಷಿನವನಿಗೆ ಬಿಡಿಸಿ ಹೇಳಬೇಕು. ನಿಮಗೆ ಹೇಳಬೇಕಾ? ಕನ್ನಡದಲ್ಲಿ ಅದಕ್ಕೆ ಏನಂತೀವಿ? ಅಲ್ಲಿ ಯಾರೋ ಹೇಳಿದರು. ಜೋರಾಗಿ ಹೇಳಿ. ಕಟ್ಟೆ! ಕೆರೆಯ ಕಟ್ಟೆ, ಅರಳಿಕಟ್ಟೆ. ಒಂದರಲ್ಲಿ ನೀರು ನಿಲ್ಲುತ್ತದೆ, ಇನ್ನೊಂದರ ಮೇಲೆ ನಾವು ಕೂರುತ್ತೇವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆಗೆದು ನೋಡಿ, ಎರಡೂ ಅರ್ಥ ಅಕ್ಕಪಕ್ಕದಲ್ಲೇ ಇವೆ. ಇಂಗ್ಲಿಷು ಮೂರು ದೇಶ ಸುತ್ತಿ ಕೂಡಿಸಿಕೊಂಡದ್ದು ನಮ್ಮಲ್ಲಿ ಒಂದೇ ಪದದಲ್ಲಿ ಮನೆಯಲ್ಲೇ ಕೂತಿದೆ. ಅಷ್ಟೇ ಅಲ್ಲ, ಕಟ್ಟೆ ಬಂದದ್ದು ಕಟ್ಟು ಎನ್ನುವುದರಿಂದ. ಮತ್ತೆ ಬ್ಯಾಂಕಿಗೆ ಹೋಗಿ ನಾವು ಏನು ಮಾಡುತ್ತೇವೆ? ಕಂತು ಕಟ್ಟುತ್ತೇವೆ, ಬಡ್ಡಿ ಕಟ್ಟುತ್ತೇವೆ. ನಮ್ಮಣ್ಣನಿಗೆ ಅವತ್ತು ಮೇಷ್ಟ್ರು ಬ್ಯಾಂಕ್ ಅಂದರೆ ಕಟ್ಟೆ ಎಂದು ಹೇಳಿಕೊಟ್ಟಿದ್ದರೆ, ನದಿಯ ಕಟ್ಟೆ ಯಾವುದು, ರೊಕ್ಕದ ಕಟ್ಟೆ ಯಾವುದು ಎಂದು ಅವನೇ ಹುಡುಕುತ್ತಿದ್ದ. ನಾನು ಹೇಳುವ ಮನೆತನ ಅಂದರೆ ಇದು.

ಒಂದು ಎಚ್ಚರಿಕೆ. ನಾಳೆ ಬೆಳಿಗ್ಗೆ ವಾಟ್ಸಾಪಿನಲ್ಲಿ 'ಬ್ಯಾಂಕ್ ಮೂಲ ಕನ್ನಡ ಪದ' ಎಂದು ಹಾಕಬೇಡಿ, ಕೆಳಗೆ ನನ್ನ ಹೆಸರು ಅಂತೂ ಬೇಡವೇ ಬೇಡ. ಎರಡಕ್ಕೂ ರಕ್ತಸಂಬಂಧ ಇಲ್ಲ. ಮಣ್ಣು ಎತ್ತರಿಸಿದರೆ ಮನುಷ್ಯ ಅದರ ಮೇಲೆ ಕೂರುತ್ತಾನೆ, ಎಲ್ಲ ದೇಶದಲ್ಲೂ. ಹೆಮ್ಮೆ ಪಡಲೇಬೇಕು ಎಂದರೆ ಬೇರೆ ಪದ ಕೊಡುತ್ತೇನೆ. ಇಂಗ್ಲಿಷ್ ಡಿಕ್ಷನರಿಯಲ್ಲಿ ಆನಿಕಟ್ ಎಂದಿದೆ. ತಮಿಳಿನ ಅಣೈಕಟ್ಟು ಅದು, ನಮ್ಮ ಅಣೆಕಟ್ಟಿನ ಒಡಹುಟ್ಟು. ವಿಜಯನಗರದ ಕಾಲದ ಅಣೆಕಟ್ಟು, ಕಾಲುವೆಗಳು ಇಲ್ಲೇ ಸುತ್ತಮುತ್ತ ಇನ್ನೂ ನೀರು ಕೊಡುತ್ತಿವೆ. ಈ ವಿದ್ಯೆಯಲ್ಲಿ ಇಂಗ್ಲಿಷರು ನಮ್ಮ ಕಡೆಯಿಂದ ಸಾಲ ತಂದವರು. ಆ ಸಾಲದಲ್ಲೂ 'ಕಟ್ಟು' ಇದೆ, ನೋಡಿದಿರಾ?

ಬೆಂಚಿನ ಮಕ್ಕಳು ಇನ್ನೂ ಇದ್ದಾರೆ. ದೊಡ್ಡ ಊಟಕ್ಕೆ ಬ್ಯಾಂಕ್ವೆಟ್ ಎನ್ನುತ್ತಾರೆ, ಅದು ಇಟಲಿಯ 'ಪುಟ್ಟ ಬೆಂಚು'. ಸಂತೆಯಲ್ಲಿ ಬೆಂಚು ಹತ್ತಿ ಎಲ್ಲ ರೋಗಕ್ಕೂ ಒಂದೇ ಎಣ್ಣೆ ಮಾರುವವನು ಮೌಂಟಿಬ್ಯಾಂಕ್, ಅಂದರೆ ಬೆಂಚು ಹತ್ತಿದವನು. ಈಗ ವೇದಿಕೆ ಹತ್ತಿ ನಿಂತ ನನ್ನನ್ನು ನೋಡಿ ನಗಬೇಡಿ.

ಬ್ಯಾಂಕ್ರಪ್ಟ್ ಎಂದರೆ ಇಟಲಿಯ 'ಬಾಂಕಾ ರೊಟ್ಟಾ', ಮುರಿದ ಬೆಂಚು. ಸಾಲ ತೀರಿಸಲಾಗದವನ ಬೆಂಚನ್ನು ನಿಜವಾಗಿ ಮುರಿಯುತ್ತಿದ್ದರು ಎಂದು ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಪದದೊಳಗೆ ಬೆಂಚಂತೂ ಮುರಿದೇ ಇದೆ. ನಾವು ಏನಂತೀವಿ? ದಿವಾಳಿ. ಮರಾಠಿಯಲ್ಲಿ ದಿವಾಳೆ. ಅಂಗಡಿ ಮುಳುಗಿದ ಸಾಹುಕಾರ ತನ್ನ ಅಂಗಡಿಯಲ್ಲಿ ದೀಪ ಹಚ್ಚಿಡುತ್ತಿದ್ದ, ಆ ದಿವಾದಿಂದ ಬಂತು ಎನ್ನುತ್ತಾರೆ. ಅಲ್ಲಿ ಬೆಂಚು ಮುರಿದು ಊರಿಗೆ ತಿಳಿಸಿದರು, ಇಲ್ಲಿ ದೀಪ ಹಚ್ಚಿ ತಿಳಿಸಿದರು. ಈಗ ಮುಳುಗುವ ದೊಡ್ಡ ಸಾಹುಕಾರರು ದೀಪ ಆರಿಸಿ ರಾತ್ರಿ ವಿಮಾನ ಹತ್ತುತ್ತಾರೆ.

ವಿಮಾನ ಎಂದಾಗ ನೆನಪಾಯಿತು... ತಡೆಯಿರಿ, ಚೀಟಿ ಬಂತು. 'ಸರ್, ಐದು ನಿಮಿಷ, ಊಟ ರೆಡಿ.' ಸರಿ.

ಹೀಗೆ ಮಾತು ಸಾಕು ಎನ್ನಿಸಿಕೊಂಡವನಿಂದ ಹುಟ್ಟಿದ ಪದದ ಕಥೆಯೂ ಒಂದಿದೆ, ಇದಕ್ಕೆ ಅರ್ಧ ನಿಮಿಷ ಕೊಡಿ. 1820ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಫೆಲಿಕ್ಸ್ ವಾಕರ್ ಎಂಬ ಸದಸ್ಯ ಎದ್ದು ನಿಂತ. ಎಲ್ಲರಿಗೂ ಸಾಕಾಗಿತ್ತು, ಕೂತ್ಕೊಳಯ್ಯಾ ಎಂದು ಕೂಗಿದರು. ನಾನು ಮಾತಾಡುತ್ತಿರುವುದು ನಿಮಗಲ್ಲ, ನನ್ನ ಕ್ಷೇತ್ರ ಬಂಕಮ್‌ಗೆ ಎಂದ. ಆ ಊರಿನ ಹೆಸರೇ ಹುರುಳಿಲ್ಲದ ಮಾತಿಗೆ ಹೆಸರಾಗಿ, ಸಣ್ಣದಾಗಿ ಬಂಕ್ ಆಯಿತು. ಇದಕ್ಕೂ ಬ್ಯಾಂಕಿಗೂ ಸಂಬಂಧ ಇಲ್ಲ. ನೀವು ಕ್ಲಾಸಿಗೆ ಹೊಡೆಯುವ ಬಂಕ್ ಕೂಡ ಬೇರೆ.

ಈಗ ಓಡಿಸುತ್ತೇನೆ. ವಿಮಾನ ತಿರುಗುವಾಗ ಒಂದು ರೆಕ್ಕೆ ಕೆಳಗಾಗಿ ವಾಲುತ್ತದಲ್ಲ, ಅದೂ ಬ್ಯಾಂಕ್. ದಿಬ್ಬದ ಇಳಿಜಾರಿನ ಅರ್ಥ. ಒಲೆಯ ಬೆಂಕಿ ಆರದ ಹಾಗೆ ಮೇಲೆ ಬೂದಿ ಮುಚ್ಚುವುದಕ್ಕೂ ಬ್ಯಾಂಕ್ ಎನ್ನುತ್ತಾರೆ. ಹಡಗಿನ ಹುಟ್ಟುಗಳ ಸಾಲು, ಸ್ವಿಚ್ಚುಗಳ ಸಾಲು, ಅದೂ ಬ್ಯಾಂಕೇ, ಅದು ಫ್ರೆಂಚ್ ಬೆಂಚಿನ ಕಡೆಯ ನೆಂಟ. ಲಂಡನ್ನಿನ ಮೆಟ್ರೋದಲ್ಲಿ ಒಂದು ನಿಲ್ದಾಣ ಬ್ಯಾಂಕ್, ಇನ್ನೊಂದು ಎಂಬ್ಯಾಂಕ್‌ಮೆಂಟ್. ಮೊದಲನೆಯದು ದುಡ್ಡಿನದು, ಎರಡನೆಯದು ಥೇಮ್ಸ್ ನದಿಯದು. ದೊಡ್ಡಪ್ಪ ಅಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತೋ.

ಬ್ಲಡ್ ಬ್ಯಾಂಕ್ ಎಂಬ ಹೆಸರು ಕೊಟ್ಟವರು ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರು, 1937ರಲ್ಲಿ, ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ. ಮೊದಲು ಇಟ್ಟುಕೊಂಡಿದ್ದ ಹೆಸರು ರಕ್ತ ಕಾಪಾಡುವ ಪ್ರಯೋಗಾಲಯ ಎಂಬ ಅರ್ಥದ್ದು. ಬ್ಯಾಂಕ್ ಎಂದ ತಕ್ಷಣ ಜನರಿಗೆ ಅರ್ಥವಾಯಿತು, ಇಟ್ಟರೆ ತೆಗೆಯಬಹುದು. ಅಲ್ಲಿಂದ ಬೀಜದ ಬ್ಯಾಂಕ್, ಡೇಟಾ ಬ್ಯಾಂಕ್, ಎಲ್ಲ ಬಂದವು.

ಬಳ್ಳಾರಿಯ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಗ್ಗೆ ಹೇಳಬೇಕಿತ್ತು. ನದಿಯ ಹೆಸರು ಹೊತ್ತ ದುಡ್ಡಿನ ಬ್ಯಾಂಕ್, ಎಂಥಾ ಜೋಡಿ! ಒಂದರ ಮೇಲೊಂದು ವಿಲೀನ ಆಗಿ ಈಗ ಆ ಹೆಸರೇ ಇಲ್ಲ, ಬಿಡಿ.

ಒಂದೇ ಒಂದು, ಇದನ್ನು ಹೇಳದೆ ಇಳಿಯುವುದಿಲ್ಲ. ವೋಟ್ ಬ್ಯಾಂಕ್. ಟಿವಿಯಲ್ಲಿ ದಿನಾ ಕೇಳುತ್ತೀರಿ. ಇದನ್ನು ಬಳಕೆಗೆ ತಂದವರು ಎಂದು ಹೇಳುವುದು ನಮ್ಮವರನ್ನೇ, ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು. 1955ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ ಬರೆದ ಲೇಖನದಲ್ಲಿ ಆ ಮಾತು ಬಂತು. ಊರಿನ ದೊಡ್ಡ ಮನುಷ್ಯನ ಹಿಂದೆ ಅವನ ಆಶ್ರಯದಲ್ಲಿರುವವರ ವೋಟು ಇಡಿಯಾಗಿ ಇರುತ್ತವೆ, ಚುನಾವಣೆಗೆ ನಿಂತವರು ಅವನನ್ನು ಹಿಡಿದರೆ ಸಾಕು ಎನ್ನುವುದು ಅದರ ಅರ್ಥ. ಕನ್ನಡದ ಹಳ್ಳಿ ನೋಡಿ ಹುಟ್ಟಿದ ಇಂಗ್ಲಿಷ್ ಮಾತು. ಆ ಹಳ್ಳಿಯಲ್ಲಿ ವೋಟಿನ ಮಾತು ಯಾವ ಕಟ್ಟೆ ಮೇಲೆ ನಡೆಯುತ್ತಿತ್ತು ಎಂದು ನಾನು ಹೇಳಬೇಕಿಲ್ಲ. ಚುನಾವಣೆ ವಿಷಯ ಇನ್ನು ಬೆಳೆಸಿದರೆ ಪ್ರಾಂಶುಪಾಲರಿಗೆ ಬಿಪಿ ಏರುತ್ತದೆ.

ಪ್ರಶ್ನೆ ಇದ್ದರೆ ಒಂದೆರಡು ಕೇಳಿ. ಮೈಕ್ ಆ ಮೂರನೇ ಸಾಲಿನ ಹುಡುಗಿಗೆ ಕೊಡಿ, ದಿವಾಳಿ ಎಂದಾಗಿನಿಂದ ಕೈ ಎತ್ತಿದ್ದಾಳೆ.